ಮೂಸದ ಹೂವು

ಹೋದ ತಿಂಗಳು ಒಂದು ಶಾಲೆಯವರು ನನ್ನನ್ನು ಕರೆಸಿ ಸನ್ಮಾನ ಮಾಡಿದರು. ವಯಸ್ಸಾದವರನ್ನು ಸುಮ್ಮನೆ ಮನೆಯಲ್ಲಿ ಬಿಡಬಾರದೆಂದು ಈಗಿನವರಿಗೆ ಅದೇನು ಹಟವೋ! ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಕೊನೆಗೆ ಗುಲಾಬಿಯ ದೊಡ್ಡ ಗುಚ್ಛವೊಂದನ್ನು ಕೈಯಲ್ಲಿಟ್ಟರು. ಫೋಟೋದವನು ಕ್ಯಾಮೆರಾ ಸರಿಮಾಡಿಕೊಳ್ಳುತ್ತಾ, "ಅಮ್ಮಾ, ಹೂವು ಜರಾ ಮುಖದ ಹತ್ರ ಹಿಡೀರಿ, ವಾಸನೆ ನೋಡೋ ಹಂಗೆ" ಅಂದ. ನಾನು ಗುಚ್ಛವನ್ನು ಇನ್ನಷ್ಟು ದೂರ ಹಿಡಿದೆ. ಅವನು ಮತ್ತೆ ಹೇಳಿದ, ನಾನು ಮತ್ತೆ ದೂರ ಹಿಡಿದೆ. ಈಗ ಆ ಫೋಟೋ ನಮ್ಮ ಮನೆಗೆ ಬಂದಿದೆ. ಒದ್ದೆ ಮಾಡಿಕೊಂಡ ಪಕ್ಕದ ಮನೆಯ ಕೂಸನ್ನು ಎತ್ತಿಕೊಂಡವಳ ಹಾಗೆ ತೋಳು ಚಾಚಿ ನಿಂತಿದ್ದೇನೆ. ಸೊಸೆ ನೋಡಿ ನಕ್ಕಳು, ಮೊಮ್ಮಕ್ಕಳು ನಕ್ಕರು. ನಗಲಿ ಬಿಡಿ. ನನ್ನ ತೋಳಿಗೆ ಆ ಪಾಠ ಕಲಿಸಿದವರು ಯಾರೆಂದು ಅವರಿಗೇನು ಗೊತ್ತು?

ನಮ್ಮ ಮನೆಯಲ್ಲಿ ಹೂವನ್ನು ಮೂಸುವ ಹಾಗಿರಲಿಲ್ಲ. ಮೂಸಿದ ಹೂವು ಎಂಜಲು. ಬಾಯಿಗಿಟ್ಟ ಹಣ್ಣನ್ನು ನೈವೇದ್ಯಕ್ಕೆ ಇಡುತ್ತೀರೇನು? ಹಾಗೆಯೇ ಮೂಗಿಗಿಟ್ಟ ಹೂವು. ಅದರ ವಾಸನೆಯ ಮೊದಲ ಪಾಲು ಶಿವನದು. ನಿಮ್ಮ ಕಡೆಯೂ ಈ ನೇಮ ಇದ್ದೀತು, ಆದರೆ ನಮ್ಮ ದೊಡ್ಡವ್ವನಷ್ಟು ಬಿಗಿಯಾಗಿ ಅದನ್ನು ಹಿಡಿದವರನ್ನು ನಾನಂತೂ ಇನ್ನೊಬ್ಬರನ್ನು ಕಂಡಿಲ್ಲ.

ದೊಡ್ಡವ್ವ ಅಂದರೆ ನಮ್ಮ ದೊಡ್ಡಪ್ಪನ ಹೆಂಡತಿ, ಗಿರಿಜವ್ವ. ಭಾನುವಳ್ಳಿಯ ಹೆಣ್ಣುಮಗಳು. ದಾವಣಗೆರೆಯ ಹಳೇ ಊರಿನ ನಮ್ಮ ಮನೆಗೆ ಸೊಸೆಯಾಗಿ ಬಂದು, ಕೈಬಳೆಯ ಬಣ್ಣ ಮಾಸುವ ಮೊದಲೇ ಗಂಡನನ್ನು ಕಳೆದುಕೊಂಡಿದ್ದಳು. ಮಕ್ಕಳಿರಲಿಲ್ಲ. ನನ್ನ ಅವ್ವ ಹೆತ್ತದ್ದು ಮಾತ್ರ, ನಮ್ಮನ್ನೆಲ್ಲ ಬೆಳೆಸಿದ್ದು ದೊಡ್ಡವ್ವನೇ. ಹೂ ಮುಡಿಯುವ ಭಾಗ್ಯ ಹೋದ ಮೇಲೆ ಅವಳಿಗೂ ಹೂವಿಗೂ ಉಳಿದ ನಂಟು ಒಂದೇ: ಬೆಳಗ್ಗೆ ಹಿತ್ತಲಿಗೆ ಹೋಗಿ ಕೊಯ್ಯುವುದು, ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಅದಕ್ಕೆ ಏರಿಸುವುದು.

ನಾನು ಚಿಕ್ಕವಳಿದ್ದಾಗಿನಿಂದಲೂ ತಲೆಹರಟೆ. "ಗಾಳ್ಯಾಗೆ ವಾಸನೆ ಬಂದ್ರೆ ಏನ್ಮಾಡ್ತಿ ದೊಡ್ಡವ್ವ?" ಎಂದು ಕೇಳುತ್ತಿದ್ದೆ.

"ಗಾಳಿ ತಂದು ಕೊಟ್ರೆ ತಪ್ಪಿಲ್ಲ. ನಾವಾಗೇ ಮೂಗು ತಗಂಡು ಹೋಗಬಾರ್ದು."

"ತಲ್ಯಾಗೆ ಮುಡಿದಿದ್ದು?"

"ಅದು ಬೆನ್ನ ಹಿಂದೆ ಇರ್ತೈತೆ. ಮೂಗು ಬೆನ್ನಾಗೈತೇನೆ ನಿಂಗೆ? ಹೋಗು, ಕಸ ಹೊಡಿ."

ಈ ನೇಮದಿಂದ ಬಹಳ ನೊಂದವರು ಖಾಸೀಂ ಸಾಬರು. ಅವರದು ಅತ್ತರು ಮತ್ತು ಊದುಬತ್ತಿಯ ವ್ಯಾಪಾರ. ಚೌಕದ ಹತ್ತಿರ ಅವರ ಅಂಗಡಿ, ನಮ್ಮ ಹಿಂದಿನ ಓಣಿಯಲ್ಲಿ ಮನೆ. ರಂಜಾನಿಗೂ ದೀಪಾವಳಿಗೂ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತು, ಎಲ್ಲರ ಮಣಿಕಟ್ಟಿಗೂ ಅತ್ತರು ಸವರುತ್ತಿದ್ದರು. ದೊಡ್ಡವ್ವ ಮಾತ್ರ ಒಳಗಿನಿಂದಲೇ, "ನಂಗೆ ಬ್ಯಾಡ್ರಿ ಸಾಬರೆ, ಅದೂ ಹೂವಿಂದೇ ಅಲ್ಲೇನು?" ಅನ್ನುತ್ತಿದ್ದಳು. ಸಾಬರು ಹಣೆ ಚಚ್ಚಿಕೊಂಡು, "ಊರಿಗೆಲ್ಲ ವಾಸನೆ ಮಾರಿದೆ, ಈ ಅಕ್ಕಾರ ಮುಂದೆ ನನ್ನ ಸರಕು ನಡೀಲಿಲ್ಲ ನೋಡು" ಎಂದು ನನಗೆ ಹೇಳುತ್ತಿದ್ದರು. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಬಹಳ ಮರ್ಯಾದೆ.

ನಾನು ಇಂಟರ್‌ಮೀಡಿಯಟ್ ನಪಾಸಾಗಿ ಮನೆಯಲ್ಲಿ ಕುಳಿತ ವರ್ಷ ದೊಡ್ಡವ್ವನ ಕಣ್ಣು ಮಂಜಾಗತೊಡಗಿತು. ಆ ಕಾಲಕ್ಕೆ ಹೆಣ್ಣುಮಕ್ಕಳು ಕಾಲೇಜಿಗೆ ಹೋಗುವುದೇ ಹೆಚ್ಚು. ಹೋದವಳು ನಪಾಸಾದರೆ ಓಣಿಗೆಲ್ಲ ಹೋಳಿಗೆ ಊಟ. ಅದರಲ್ಲೂ ನಾನು ಮುಗ್ಗರಿಸಿದ್ದು ಸಸ್ಯಶಾಸ್ತ್ರದಲ್ಲಿ. ದಿನವಿಡೀ ಮನೆಯಲ್ಲಿ ಬಿದ್ದಿದ್ದರಿಂದ ದೊಡ್ಡವ್ವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಡಾಕ್ಟರು ಬ್ಯಾಟರಿ ಬಿಟ್ಟು ಬಹಳ ಹೊತ್ತು ನೋಡಿದರು.

"ಪೊರೆ ಆಗಿದ್ರೆ ತೆಗೀಬಹುದಿತ್ತು ತಾಯಿ. ಇದು ಪೊರೆ ಅಲ್ಲ, ಒಳಗಿನ ನರ ಸೊರಗ್ತಾ ಐತೆ. ಔಷಧ ಕೊಡ್ತೀನಿ, ಆದ್ರೆ ಸುಳ್ಳು ಹೇಳಾಕೆ ನಂಗಿಷ್ಟ ಇಲ್ಲ. ಏನಾದ್ರೂ ನೋಡಬೇಕು ಅಂತ ಆಸೆ ಇದ್ರೆ ಬೇಗ ನೋಡಿಬಿಡ್ರಿ."

ದೊಡ್ಡವ್ವ ಅಳಲಿಲ್ಲ. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ, ಅಷ್ಟೇ. ಅಳು ಬಂದದ್ದು ನನಗೆ. ಮನೆಗೆ ಬಂದು ವಿಷಯ ತಿಳಿಸಿದಾಗ ಅಪ್ಪ ಅರಳೆ ಅಂಗಡಿಯಿಂದ ಆಗತಾನೇ ಬಂದವರು, ಅಂಗಿಗೆ ಅಂಟಿದ್ದ ಅರಳೆಯನ್ನೂ ಕೊಡವದೆ ಕುಳಿತುಬಿಟ್ಟರು. ಆಮೇಲೆ, "ಶ್ರೀಶೈಲಕ್ಕೆ ಕರಕಂಡು ಹೋಗ್ಲೇನು ಅತ್ತಿಗೆವ್ವ?" ಎಂದು ಕೇಳಿದರು.

"ಶ್ರೀಶೈಲದ ಮಲ್ಲಯ್ಯ ನನ್ನ ಅಂಗೈಯಾಗೇ ಅದಾನೆ. ಅವನ್ನ ನೋಡಾಕೆ ಅಷ್ಟು ದೂರ ಯಾಕ? ನಂಗೆ ನಾಗಲಿಂಗದ ಹೂವು ನೋಡಬೇಕು ನೋಡಪ್ಪಾ."

ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಎಂದೋ ಮಠದಲ್ಲಿ ಪುರಾಣ ಹೇಳುವ ಸ್ವಾಮಿಗಳು, ಒಂದು ಮರವಿದೆ, ಅದರ ಹೂವಿನ ನಡುವೆ ಲಿಂಗವಿದೆ, ಮೇಲೆ ಹಾವಿನ ಹೆಡೆ ಬಾಗಿದೆ ಎಂದು ಹೇಳಿದ್ದರಂತೆ. ಅದನ್ನು ಕೇಳಿದ ದಿನದಿಂದ ಅವಳ ಮನಸ್ಸಿನಲ್ಲಿ ಆ ಹೂವು ಕುಳಿತಿತ್ತಂತೆ. ನಮಗೆ ಯಾರಿಗೂ ಒಮ್ಮೆಯೂ ಹೇಳಿರಲಿಲ್ಲ. "ಹೂವಿನೊಳಗೇ ಶಿವ ಕುಂತಿದ್ರೆ ಆ ಹೂವನ್ನ ಯಾರಿಗೆ ಏರಿಸಬೇಕು? ಅದನ್ನೊಂದು ಸಲ ಕಣ್ಣಾರೆ ನೋಡಬೇಕು" ಅಂದಳು. ಮತ್ತೇನೂ ಕೇಳಲಿಲ್ಲ.

ಅಪ್ಪ ಲೆಕ್ಕ ಹಾಕಿದರು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಇಲ್ಲದ ಗಿಡವಿಲ್ಲ. ಆಗಸ್ಟಿನಲ್ಲಿ ಅಲ್ಲಿ ಹೂವಿನ ಪ್ರದರ್ಶನ. ಗಾಜಿನ ಮನೆ, ದೇಶದೇಶದ ಹೂವು ಎಲ್ಲವನ್ನೂ ಒಟ್ಟಿಗೇ ತೋರಿಸಿದರಾಯಿತು. ಆಗಷ್ಟೇ ಯುಗಾದಿ ಕಳೆದಿತ್ತು, ಅಂಗಡಿಯಲ್ಲಿ ಅರಳೆ ಸುಗ್ಗಿಯ ಬಾಕಿ ಕೆಲಸ. "ನಾಲ್ಕು ತಿಂಗಳು ತಡಕೋ ಅತ್ತಿಗೆವ್ವ" ಎಂದರು. ದೊಡ್ಡವ್ವ, "ಆತಪ್ಪಾ, ಅದಕ್ಕೇನು" ಅಂದಳು. ಅಪ್ಪ ಕೆಟ್ಟವರಲ್ಲ. ಕಣ್ಣೂ ತಮ್ಮ ಗಿರಾಕಿಗಳ ಹಾಗೆ ಹೇಳಿದ ದಿನದವರೆಗೆ ಕಾಯುತ್ತದೆಂದು ನಂಬಿದ್ದರು.

ಕಣ್ಣು ಕಾಯಲಿಲ್ಲ. ಹಿತ್ತಲಲ್ಲಿ ಜಾಜಿಯ ಬಳ್ಳಿ ಚಪ್ಪರದ ತುಂಬ ಹಬ್ಬಿತ್ತು. ಆ ಸಣ್ಣ ಬಿಳಿ ಹೂಗಳು ಅವಳಿಗೆ ಮೊದಲು ಕಾಣದಾದವು. ಆಮೇಲೆ ನಂದಿಬಟ್ಟಲು. ದಪ್ಪಗೆ ಕೆಂಪಗೆ ಇರುವ ದಾಸವಾಳವೊಂದೇ ಉಳಿಯಿತು. ದಿನಾ ಅದನ್ನೇ ತರುತ್ತಿದ್ದಳು. ನಾನು ಕೊಯ್ದು ಕೊಡುತ್ತೇನೆಂದರೆ, "ನನ್ನ ಕೈಯಾಗಿನ ಕೆಲಸ ಕಸಕಬ್ಯಾಡ" ಎಂದು ಸಿಡುಕುತ್ತಿದ್ದಳು. ಮುಂಗಾರು ಹಿಡಿದ ಮೇಲೆ ಒಂದು ಬೆಳಗ್ಗೆ ಪೂಜೆಗೆ ಕುಳಿತವಳು ತಟ್ಟೆಯಿಂದ ಹೂವೆತ್ತಿ ಹಾಗೆಯೇ ನಿಲ್ಲಿಸಿದಳು. ಬೆರಳಲ್ಲಿ ಹಿಸುಕಿ ನೋಡಿದಳು. ಗಿಡಕ್ಕೆ ಸಿಕ್ಕಿಕೊಂಡಿದ್ದ ಕೆಂಪು ಕಾಗದದ ಚೂರು ಅದು. ನಾನು ನೋಡುತ್ತಿದ್ದೇನೆಂದು ಅವಳಿಗೆ ಗೊತ್ತಾಗಲಿಲ್ಲ. ಕಾಗದವನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬರೀ ವಿಭೂತಿಯಲ್ಲಿ ಪೂಜೆ ಮುಗಿಸಿದಳು.

ನಾನು ಸೀದಾ ಹೋಗಿದ್ದು ಖಾಸೀಂ ಸಾಬರ ಅಂಗಡಿಗೆ. ಹೂವಿನ ಮಾತು, ಇನ್ಯಾರನ್ನು ಕೇಳಲಿ? ಸಾಬರು ಕೇಳಿ ತಟಕ್ಕನೆ ಎದ್ದು ನಿಂತರು. "ಅರೆ ತಂಗಿ, ಮೊದ್ಲೇ ಹೇಳಬಾರ್ದೇನು? ನಾಗಲಿಂಗಕ್ಕೆ ಬೆಂಗಳೂರು ಯಾಕ? ಹರಿಹರದಾಗೈತೆ. ಹೊಳೆ ದಂಡಿ ಮೇಲೆ ಹಳೇ ಬಂಗ್ಲೆ ತೋಟ ಐತಲ್ಲ, ಈಗ ಸರ್ಕಾರದೋರು ಸಸ್ಯೋದ್ಯಾನ ಮಾಡ್ಯಾರೆ. ವಾರಕ್ಕೊಂದು ಸಲ ಆ ಕಡಿಗೆ ನಾ ವಸೂಲಿಗೆ ಹೋಗ್ತೀನಿ. ಹೋದ ವಾರ ಮರದ ತುಂಬ ಹೂವಿತ್ತು!"

ಅಪ್ಪನಿಗೆ ಹೇಳಿ, ಭಾನುವಾರ ಬೆಳಗಿನ ರೈಲಿಗೆ ಸಾಬರೂ ಸೇರಿ ಮೂವರೂ ಹೊರಟೆವು. ದೊಡ್ಡವ್ವ ಒಗೆದ ಬಿಳಿ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ದೇವಸ್ಥಾನಕ್ಕೆ ಹೋಗುವವರ ಹಾಗೆ ಉಪವಾಸವಿದ್ದಳು. ನಾನು ಬೇಕಾದಷ್ಟು ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡಿದ್ದೆ. ಹರಿಹರದಲ್ಲಿ ಇಳಿದು ಟಾಂಗಾ ಹತ್ತಿದಾಗ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. "ಸದ್ದು ಜೋರೈತೆ" ಅಂದಳು ದೊಡ್ಡವ್ವ. ನೀರಿನ ಬಣ್ಣದ ಮಾತೆತ್ತಲಿಲ್ಲ.

ತೋಟ ಅಂದರೆ ಎಂಥ ತೋಟ ಅಂತೀರಿ! ಗೇಟಿನಿಂದಲೇ ಎರಡೂ ಕಡೆ ಕ್ಯಾನಾ ಹೂವಿನ ಸಾಲು. ಒಳಗೆ ನೆರಳಿನ ಚಪ್ಪರದಡಿ ತಂತಿಬುಟ್ಟಿಗಳಲ್ಲಿ, ಕಾಡುಮರಗಳ ಮೇಲೆ ಬೆಳೆಯುವ ಸೀತಾಳೆಯ ದಂಡೆ ಜಡೆಯ ಹಾಗೆ ಇಳಿಬಿದ್ದಿತ್ತು. ತೊಟ್ಟಿಯಲ್ಲಿ ನೀಲಿ ನೈದಿಲೆ. ಪ್ರತಿಯೊಂದು ಗಿಡದ ಬುಡದಲ್ಲೂ ತಗಡಿನ ಹಲಗೆ, ಅದರ ಮೇಲೆ ನನ್ನನ್ನು ನಪಾಸು ಮಾಡಿದ ಲ್ಯಾಟಿನ್ ಹೆಸರು. ನಾನು ಸೇಡು ತೀರಿಸಿಕೊಳ್ಳುವವಳಂತೆ ಒಂದೊಂದನ್ನೂ ಗಟ್ಟಿಯಾಗಿ ಓದಿದೆ.

"ಅದ್ಯಾವ ಮಂತ್ರನೇ?" ಎಂದಳು ದೊಡ್ಡವ್ವ.

"ಹೂವಿನ ಹೆಸರು ದೊಡ್ಡವ್ವ."

"ಪಾಪ, ಇಷ್ಟು ಚಂದದ್ದಕ್ಕೆ ಇಂಥಾ ಹೆಸರೇ?"

ಅವಳಿಗೆ ಏನನ್ನು ನೋಡಬೇಕಾದರೂ ಹತ್ತಿರಕ್ಕೆ, ತೀರಾ ಹತ್ತಿರಕ್ಕೆ ಬಾಗಬೇಕಿತ್ತು. ಬಾಗಿದರೆ ಕಣ್ಣಿನ ಜೊತೆ ಮೂಗೂ ಹೋಗುತ್ತದಲ್ಲ! ಅದಕ್ಕೆ ಅವಳು ಸೆರಗನ್ನು ನಾಲ್ಕು ಮಡಿಕೆ ಮಾಡಿ ಮೂಗಿಗೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ಒಂದೊಂದು ಹೂವಿನ ಮುಂದೆ ಬಾಗಿ ಏಳುತ್ತಾ ನಡೆದಳು. ನಮ್ಮ ಹಿಂದೆಯೇ ಬರುತ್ತಿದ್ದ ಮಾಲಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ. "ಯಾಕ್ರಿ ಅಮ್ಮಾರೆ, ಗೊಬ್ಬರದ ನಾತ ಬರ್ತೈತೇನ್ರಿ? ಹಾಕಿ ಹದಿನೈದು ದಿನ ಆತಲ್ರಿ!" ಎಂದು ಮುಖ ಸಣ್ಣಗೆ ಮಾಡಿಕೊಂಡ. ಅವನನ್ನು ಸಮಾಧಾನ ಮಾಡುವಷ್ಟರಲ್ಲಿ ಸಾಬರಿಗೆ ಸಾಕುಸಾಕಾಯಿತು.

ಮುಂದೆ ಕೌರವ ಪಾಂಡವ ಹೂವಿನ ಬಳ್ಳಿ. ಸುತ್ತ ನೇರಳೆ ಎಳೆಗಳು ನೂರು ಕೌರವರು, ನಡುವೆ ಮೇಲೆದ್ದ ಐವರು ಪಾಂಡವರು, ನೀವೂ ನೋಡಿರುತ್ತೀರಿ. ದೊಡ್ಡವ್ವ ಬಹಳ ಹೊತ್ತು ಬಾಗಿ ನೋಡಿದಳು. "ನಂಗೆ ಬರೀ ಕೌರವರೇ ಕಾಣ್ತಾರಲ್ಲೇ" ಎಂದು ನಕ್ಕಳು. ನಾನೂ ನಕ್ಕೆ. ನಗುತ್ತಾ ನಗುತ್ತಾ ನನಗೆ ಹೆದರಿಕೆ ಶುರುವಾಯಿತು. ಐವರು ಪಾಂಡವರೇ ಕಾಣದ ಕಣ್ಣಿಗೆ ಹೂವಿನ ಹೊಟ್ಟೆಯಲ್ಲಿನ ಲಿಂಗ ಹೇಗೆ ಕಂಡೀತು? ಸಾಬರ ಮುಖ ನೋಡಿದೆ. ಅವರೂ ಅದನ್ನೇ ಯೋಚಿಸುತ್ತಿದ್ದರು, ಬೇರೆ ಕಡೆ ತಿರುಗಿದರು.

ನಾಗಲಿಂಗದ ಮರ ಹೊಳೆಯ ಕಡೆಯ ಗೋಡೆಯ ಹತ್ತಿರವಿತ್ತು. ಹೂವು ಕೊಂಬೆಯಲ್ಲಿ ಬಿಡುವುದಲ್ಲ ಅದರಲ್ಲಿ, ಬುಡದಿಂದಲೇ ಕಾಂಡದ ಮೈತುಂಬ ಹಗ್ಗದಂಥ ಟೊಂಗೆ ಹೊರಟು, ಅದರಲ್ಲಿ ಬಿಡುತ್ತದೆ. ದಪ್ಪ ಎಸಳು, ಹೊರಗೆ ಹಳದಿ, ಒಳಗೆ ರಕ್ತಗೆಂಪು. ನಡುವೆ ನಿಜವಾಗಿಯೂ ಪುಟ್ಟ ಲಿಂಗ, ಮೇಲೆ ಹೆಡೆ ಬಾಗಿತ್ತು. ನಾನು ಪುಸ್ತಕದಲ್ಲಿ ಓದಿದ್ದರೂ ಕಣ್ಣೆದುರು ಕಂಡಾಗ ಮೈ ಝುಂ ಎಂದಿತು. ಮಾಲಿ ಮೊದಲೇ, "ಕೀಳಂಗಿಲ್ರಿ, ನನ್ನ ಕೆಲ್ಸ ಹೋಗ್ತೈತೆ" ಎಂದು ಎಚ್ಚರಿಸಿದ. ದೊಡ್ಡವ್ವ, "ಕೀಳಾಕೆ ಬಂದಿಲ್ಲಪ್ಪ, ನೋಡಾಕೆ ಬಂದೀನಿ" ಎಂದು ಚಪ್ಪಲಿ ಬಿಟ್ಟು ಮರದ ಹತ್ತಿರ ಹೋದಳು.

ಸೆರಗನ್ನು ಮೂಗಿನ ಮೇಲಿಂದ ಸುತ್ತಿ ಕಿವಿಯ ಹಿಂದೆ ಸಿಕ್ಕಿಸಿಕೊಂಡು ಬಾಗಿದಳು. ಕಣ್ಣು ಕಿರಿದು ಮಾಡಿದಳು, ಅಗಲ ಮಾಡಿದಳು, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಿದಳು. ಎಷ್ಟು ಹೊತ್ತು ಹಾಗೆ ನಿಂತಳೋ. ಆಮೇಲೆ ಕೈಮುಗಿದು, "ಕಂಡ್ತು ಬಿಡೇ" ಎಂದಳು. ಅವಳು ಕೈಮುಗಿದದ್ದು ಹೂವಿಗಲ್ಲ. ಹೂವು ಅವಳ ಬಲಕ್ಕೆ, ಒಂದು ಗೇಣು ಆಚೆಗಿತ್ತು. ಅವಳು ಕೈಮುಗಿದು ನಿಂತಿದ್ದು ಮರದ ಬರೀ ತೊಗಟೆಗೆ. ಅಲ್ಲಿ ಕೆಂಪಗೆ ಯಾವುದೋ ಪಾಚಿ ಬೆಳೆದಿತ್ತು.

ಹೇಳಿದರೆ ಒಂದು ಸಂಕಟ, ಹೇಳದಿದ್ದರೆ ಇನ್ನೊಂದು. ಅವಳು ಕೇಳಿದ ದಿನವೇ ಬಂದಿದ್ದರೆ ಇದೇ ಮರ, ಇದೇ ಹರಿಹರ. ಅಪ್ಪನ ಮೇಲೆ, ಆಗಸ್ಟಿನ ಮೇಲೆ, ಗಾಜಿನ ಮನೆಯ ಮೇಲೆ ಎಲ್ಲದರ ಮೇಲೂ ಸಿಟ್ಟು ಬಂತು. ಅವಳಿಗೂ ತಿಳಿದಿತ್ತು ಅಂತ ಕಾಣುತ್ತದೆ. ಸೆರಗಿನ ಮೇಲೆ ಕಣ್ಣಿನ ನೀರು ಇಳಿಯುತ್ತಿತ್ತು.

ಖಾಸೀಂ ಸಾಬರು ನನ್ನ ಪಕ್ಕದಿಂದ ಸರಿದು ಹೋದರು. ಮರದಡಿ ಉದುರಿದ್ದ ಹೂಗಳಲ್ಲಿ ಹುಡುಕಿ, ಆಗತಾನೇ ಬಿದ್ದ, ಇನ್ನೂ ಮಾಸದ ಒಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು.

"ಅಕ್ಕಾರೆ, ಇದು ನೆಲಕ್ಕೆ ಬಿದ್ದಿದ್ದು. ನಿಮ್ಮ ಪೂಜೆಗೆ ನಡೀತೈತೇನ್ರಿ?"

"ಇಲ್ರಿ ಸಾಬರೆ. ನೆಲ ಮುಟ್ಟಿದ್ದು ಶಿವನಿಗೆ ಏರಿಸಂಗಿಲ್ಲ."

"ಹಂಗಾದ್ರೆ ಇದು ಅವನ ಪಾಲಲ್ಲ. ಅವನು ತಗಳ್ಳಲ್ಲ ಅಂದಿದ್ದು ಯಾರ ಪಾಲ್ರಿ? ಇದನ್ನ ನೀವು ಮೂಸಿದ್ರೆ ಯಾರದ್ದು ಎಂಜಲಾಗ್ತೈತೆ?"

ದೊಡ್ಡವ್ವ ಸೆರಗನ್ನು ಮೂಗಿನ ಮೇಲೆ ಇನ್ನಷ್ಟು ಬಿಗಿ ಮಾಡಿದಳು. ಸಾಬರು ಎಲ್ಲೋ ಮಿತಿ ಮೀರಿದರೇನೋ, ಇಷ್ಟು ವರ್ಷದ ಮರ್ಯಾದೆ ಈಗ ಮುರಿಯುತ್ತದೇನೋ ಎಂದು ಹೆದರಿದೆ. ಸಾಬರೂ ಹೆದರಿದ್ದರು, ಟೋಪಿಯ ಕೆಳಗೆ ಬೆವರು ಕಾಣುತ್ತಿತ್ತು. ಆದರೂ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ.

ಕೊನೆಗೆ ಅವಳು ಎಡಗೈ ಮುಂದೆ ಮಾಡಿದಳು. ದಿನಾ ಲಿಂಗವಿಟ್ಟುಕೊಳ್ಳುವ ಅದೇ ಅಂಗೈ. ಸಾಬರು ಹೂವನ್ನು ಅದರ ಮೇಲಿಟ್ಟರು. ಬಲಗೈಯ ಒಂದು ಬೆರಳಿನಿಂದ ಅವಳು ಎಸಳುಗಳನ್ನು ಸವರಿದಳು, ಹೆಡೆಯನ್ನು ಮೆಲ್ಲಗೆ ಎತ್ತಿದಳು, ಕೆಳಗೆ ಬೆರಳು ತೂರಿಸಿದಳು. "ಅದಾನೆ" ಎಂದಳು. "ಇಲ್ಲೇ ಅದಾನೆ ಕಣೇ, ಸಾಸಿವೆಗಿಂತ ಚೂರು ದೊಡ್ಡವ." ಆಮೇಲೆ ಮೂಗಿನ ಮೇಲಿನ ಸೆರಗು ತಾನಾಗಿಯೇ ಜಾರಿತೋ, ಜಾರಿಸಿದಳೋ, ನಾನು ನೋಡಲಿಲ್ಲ. ಅಂಗೈಯನ್ನು ಮುಖದ ಹತ್ತಿರಕ್ಕೆ ತಂದು ಮೂಸಿದಳು. ಬಿಡದೆ ಮೂಸಿದಳು. ನೀರಲ್ಲಿ ಮುಳುಗಿ ಎದ್ದವರು ಉಸಿರು ಎಳೆದುಕೊಳ್ಳುವ ಹಾಗೆ ಎಳೆದುಕೊಂಡಳು. ನಾಗಲಿಂಗದ ವಾಸನೆ ಸಣ್ಣದಲ್ಲ, ಎರಡು ಮಾರು ದೂರದಲ್ಲಿದ್ದ ನನಗೇ ತಲೆ ತುಂಬಿತ್ತು. ಅಷ್ಟು ವಯಸ್ಸಾದ ಹೆಂಗಸು, ಒಂದು ಹೂವಿಗೆ ಮೂಗು ಕೊಟ್ಟದ್ದು ಅದೇ ಮೊದಲು. ಸಾಬರು ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಮಾಲಿ ಮಾತ್ರ, "ಈಗ ನಾತ ಹೋತೇನ್ರಿ?" ಎಂದು ಕೇಳಿದ.

ವಾಪಸು ರೈಲಿನಲ್ಲಿ ದೊಡ್ಡವ್ವ ಕಿಟಕಿಗೆ ಮುಖ ಕೊಟ್ಟು ಕುಳಿತಿದ್ದಳು. ಇದ್ದಕ್ಕಿದ್ದಂತೆ, "ಎಲ್ಲಾ ಹೂವೂ ಹಿಂಗೇ ಇರ್ತಾವೇನೇ?" ಎಂದು ಕೇಳಿದಳು.

"ಇಲ್ಲ ದೊಡ್ಡವ್ವ, ಒಂದೊಂದರದು ಒಂದೊಂದು ಥರ. ಸಂಪಿಗೆದೇ ಬೇರೆ, ಜಾಜಿದೇ ಬೇರೆ."

"ದಾಸವಾಳದ್ದು?"

ನನ್ನ ನಾಲಿಗೆಗೆ ಬುದ್ಧಿ ಯಾವತ್ತಿತ್ತು? "ದಾಸವಾಳಕ್ಕೆ ವಾಸನೆನೇ ಇಲ್ಲ" ಅಂದುಬಿಟ್ಟೆ.

"ಏನೂ ಇಲ್ಲೇನು?" ಅವಳ ಮುಖ ಬಿಳಿಚಿತು. "ನಾನು ದಿನಾ ಅವನಿಗೆ ಅದನ್ನೇ ಕೊಟ್ಟೆನಲ್ಲೇ!"

ಸಾಬರೂ ನಾನೂ ಏನೇನೋ ಸಮಾಧಾನ ಹೇಳಿದೆವು, ಶಿವನಿಗೆ ಕೆಂಪು ಬಣ್ಣ ಸಾಕು, ಭಕ್ತಿ ಮುಖ್ಯ ಎಂದೆಲ್ಲ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಆಗಸ್ಟಿನಲ್ಲಿ ನಾವು ಬೆಂಗಳೂರಿಗೆ ಹೋಗಲಿಲ್ಲ. ಅಷ್ಟರಲ್ಲಿ ಅವಳಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೆ ತಿಳಿಯುತ್ತಿರಲಿಲ್ಲ. ಅಪ್ಪ ಒಂದು ಸಂಜೆ ಅವಳ ಮುಂದೆ ಕುಳಿತು ಕೂಸಿನ ಹಾಗೆ ಅತ್ತರು. ಅವಳೇ ಅವರ ತಲೆ ಸವರಿದಳು. ಅದೆಲ್ಲ ಆಮೇಲಿನದು. ನಾನು ಹೇಳಬೇಕಾದದ್ದು ಹರಿಹರದಿಂದ ಬಂದ ಮರುದಿನದ ಬೆಳಗಿನ ಮಾತು.

ಎದ್ದು ಹಿತ್ತಲಿಗೆ ಹೋದರೆ ದೊಡ್ಡವ್ವ ಜಾಜಿಯ ಚಪ್ಪರದ ಕೆಳಗೆ ಕೂತಿದ್ದಳು. ರಾತ್ರಿಯ ಮಳೆಗೆ ನೆಲವೆಲ್ಲ ಹೂವು. ಕೈಯಾಡಿಸಿ ಹುಡುಕಿ, ಒಂದೊಂದನ್ನೇ ಎತ್ತಿ ಮೂಸುತ್ತಿದ್ದಳು, ಕೆಳಗಿಡುತ್ತಿದ್ದಳು. ನನ್ನ ಹೆಜ್ಜೆ ಕೇಳಿ, "ಮ್ಯಾಲಿಂದು ನೀನು ಕೊಯ್ಕೊಡು, ನಂಗೆ ಕಾಣಲ್ಲ" ಎಂದಳು. ಯಾರ ಕೈಗೂ ಬಿಡದ ಕೆಲಸವನ್ನು ಅವತ್ತು ಬಿಟ್ಟಳು. ನಾನು ಬಳ್ಳಿಯಿಂದ ಕೊಯ್ದು ತಟ್ಟೆಗೆ ಹಾಕಿದೆ. ಮಿಂದು ಬಂದು ಪೂಜೆಗೆ ಕುಳಿತಳು. ಲಿಂಗವನ್ನು ಅಂಗೈಯಲ್ಲಿಟ್ಟು, ಜಾಜಿಯ ಹೂವೊಂದನ್ನು ಎಂದಿನ ಹಾಗೆ ತೋಳು ಚಾಚಿ, ಮೂಗಿನಿಂದ ದೂರ ಹಿಡಿದಳು. ಮಂತ್ರ ಹೇಳುತ್ತಾಳೆಂದುಕೊಂಡೆ.

"ತಗಳಪ್ಪಾ" ಎಂದಳು. "ಇವತ್ತು ನಿಂಗೆ ಏನು ಕೊಡ್ತಾ ಇದೀನಿ ಅಂತ ನಂಗೆ ಗೊತ್ತೈತೆ."